ಮೇಡ್ಲೇರಿಯ ಎಡಗಾಲು

ನನಗೆ ಹತ್ತು ವರ್ಷ ತುಂಬುವುದರೊಳಗೆ ನಮ್ಮೂರಿನ ಹಿರಿಯರನ್ನೆಲ್ಲ ನಾನು ಒದ್ದಾಗಿತ್ತು. ಪಂಚಾಯ್ತಿ ಅಧ್ಯಕ್ಷರನ್ನು ಎರಡು ಸಲ, ಪೋಸ್ಟ್ ಮಾಸ್ತರರನ್ನು ಒಂದು ಸಲ, ಸ್ವಂತ ಸೋದರಮಾವನನ್ನು ನೆನಪಿಲ್ಲದಷ್ಟು ಸಲ. ಯಾರೂ ಬೈಯಲಿಲ್ಲ. ಒದೆಸಿಕೊಂಡವರು ಹೋಗುವಾಗ ಒಂದು ಬೊಗಸೆ ಶೇಂಗಾವನ್ನೋ ನಾಲ್ಕು ಬದನೆಕಾಯಿಯನ್ನೋ ನಮ್ಮ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು.

ಕಾರಣ ಇಷ್ಟೇ. ನಾನು ಅವ್ವನ ಹೊಟ್ಟೆಯಿಂದ ಬರುವಾಗ ಎಲ್ಲರ ಹಾಗೆ ತಲೆ ಮುಂದೆ ಮಾಡಿಕೊಂಡು ಬರದೆ ಕಾಲು ಮುಂದೆ ಮಾಡಿಕೊಂಡು ಬಂದೆನಂತೆ. ಹಾಗೆ ಹುಟ್ಟಿದವರ ಎಡಗಾಲಿನಲ್ಲಿ ಒಂದು ಗುಣ ಇರುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಟೊಂಕ ಹಿಡಿದುಕೊಂಡು ಏಳಲಿಕ್ಕೆ ಬಾರದವರು ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಂದು ಬೋರಲು ಮಲಗಬೇಕು. ಕಾಲು ಮುಂದಾಗಿ ಹುಟ್ಟಿದವರು ಎಡಗಾಲಿನಿಂದ ಟೊಂಕಕ್ಕೆ ಮೂರು ಸಲ ಒದ್ದು, ಮಾತಾಡದೆ, ತಿರುಗಿ ನೋಡದೆ ಹೋಗಿಬಿಡಬೇಕು. ತಿರುಗಿ ನೋಡಿದರೆ ಗುಣ ಹೋಗುತ್ತದೆ, ದುಡ್ಡು ಮುಟ್ಟಿದರೂ ಹೋಗುತ್ತದೆ. ಬದನೆಕಾಯಿ ಮುಟ್ಟಿದರೆ ಏನೂ ಆಗುವುದಿಲ್ಲ.

ನಮ್ಮೂರು ಮೇಡ್ಲೇರಿ ತುಂಗಭದ್ರೆಯ ದಡದಲ್ಲಿದೆ. ನೀರಾವರಿ ಇದೆ, ಭತ್ತ ಇದೆ, ಕಬ್ಬು ಇದೆ. ದಿನವಿಡೀ ಬಗ್ಗಿ ನಾಟಿ ಮಾಡಬಹುದು, ಬಗ್ಗಿ ಕಳೆ ಕೀಳಬಹುದು, ಬಗ್ಗಿ ಚೀಲ ಎತ್ತಬಹುದು. ಹೀಗೆ ಟೊಂಕ ಹಿಡಿಯಲಿಕ್ಕೆ ಬೇಕಾದ ಸಕಲ ಅನುಕೂಲವೂ ನಮ್ಮೂರಲ್ಲಿ ಇದ್ದದ್ದರಿಂದ ನನ್ನ ಕಾಲಿಗೆ ಬಿಡುವು ಇರಲಿಲ್ಲ. ಶಾಲೆಗೆ ಹೋಗುವ ಹೊತ್ತಿಗೆ ಕಟ್ಟೆಯ ಮೇಲೆ ಎರಡು ಬೆನ್ನಾದರೂ ಕಾಯುತ್ತಿದ್ದವು. ಮಾಸ್ತರರು ತಡವಾದದ್ದಕ್ಕೆ ಬೈಯುತ್ತಿರಲಿಲ್ಲ, ಅವರದೂ ಒಂದು ಬೆನ್ನಿತ್ತಲ್ಲ.

ಆ ಮಾಸ್ತರರೇ ನನಗೆ ಸ್ನೇಹಾ ಎಂದು ಹೆಸರಿಟ್ಟವರು. ನಾನು ಮೂರನೆಯ ಹೆಣ್ಣು. ಮನೆಯಲ್ಲಿ ನನಗೊಂದು ಹೆಸರು ಹುಡುಕುವಷ್ಟು ಉಮೇದು ಯಾರಿಗೂ ಉಳಿದಿರಲಿಲ್ಲವಾಗಿ, ಶಾಲೆಗೆ ಸೇರುವ ತನಕ ‘ಸಣ್ಣಾಕಿ’ ಎಂದೇ ಕರೆಯುತ್ತಿದ್ದರು. ಆದರೆ ಆ ಸಣ್ಣಾಕಿಯ ಕಾಲಿಗೆ ದಿನಾ ಕೊಬ್ಬರಿ ಎಣ್ಣೆ ತಿಕ್ಕಿ, ಮುಳ್ಳು ಚುಚ್ಚದಂತೆ ಕಾಯ್ದು, ಬಂದವರಿಗೆ ಪದ್ಧತಿ ವಿವರಿಸಿ, ಯಾರು ಮೊದಲು ಯಾರು ಹಿಂದೆ ಎಂದು ಸಾಲು ಹಚ್ಚುತ್ತಿದ್ದವಳು ನಮ್ಮಪ್ಪನ ತಾಯಿ, ಹೊನ್ನವ್ವಜ್ಜಿ. ವಿಚಿತ್ರವೆಂದರೆ ನನ್ನ ಕಾಲಿಗೆ ಬೆನ್ನು ಕೊಡದವಳೂ ಆಕೆ ಒಬ್ಬಳೇ. ಬಾಗಿ ನಡೆಯುತ್ತಿದ್ದಳು, ಏಳುವಾಗ ಗೋಡೆ ಹಿಡಿಯುತ್ತಿದ್ದಳು. “ಒದೀಲೇನಬೇ?” ಎಂದರೆ, “ಈ ಮುದುಕಿ ಟೊಂಕಕ್ಕ ನಿನ್ನ ಗುಣ ಯಾಕ ಖರ್ಚ ಮಾಡ್ತಿ, ಹೋಗು,” ಎನ್ನುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲವಲ್ಲ ಎಂದು ನಾನೂ ಸುಮ್ಮನಾಗುತ್ತಿದ್ದೆ.

ಎಣ್ಣೆ ತಿಕ್ಕಿದ ಕಾಲು ಚೆನ್ನಾಗಿ ಓಡುತ್ತಿತ್ತು. ಜಿಲ್ಲಾಮಟ್ಟದ ಓಟಕ್ಕೆ ಹಾವೇರಿಗೆ ನಾಲ್ಕು ವರ್ಷ ಹೋಗಿ ಬಂದೆ. ಬಿ.ಎ. ಮುಗಿದ ಮೇಲೆ, ಎರಡು ಸಾವಿರದ ಆರರಲ್ಲಿ, ರಾಣೆಬೆನ್ನೂರಿನ ದೈಹಿಕ ಶಿಕ್ಷಣ ಕಾಲೇಜಿಗೆ ಬಿ.ಪಿ.ಎಡ್. ಸೇರುತ್ತೇನೆ ಎಂದು ಹಟ ಹಿಡಿದೆ. ಊರಿನ ಬೆನ್ನುಗಳ ಮೇಲೆ ಇಟ್ಟೂ ಇಟ್ಟೂ ಸಾಕಾಗಿದ್ದ ಕಾಲನ್ನು ನೆಲದ ಮೇಲಿಟ್ಟು ನಿಲ್ಲಬೇಕು, ಯಾವುದಾದರೂ ಶಾಲೆಯಲ್ಲಿ ಸೀಟಿ ಊದಿ ಮಕ್ಕಳನ್ನು ಓಡಿಸಬೇಕು ಎಂಬುದು ನನ್ನ ಆಸೆ. ಇನ್ನೊಂದು ಕುತೂಹಲವೂ ಇತ್ತು. ಅಲ್ಲಿ ಕಿನೀಸಿಯಾಲಜಿ ಮತ್ತು ಕ್ರೀಡಾ ವೈದ್ಯಕೀಯ ಎಂಬ ವಿಷಯವಿತ್ತು. ಮೂಳೆ, ಸ್ನಾಯು, ಉಳುಕು ಎಲ್ಲ ಅದರಲ್ಲಿ ಬರುತ್ತವೆ ಎಂದಿದ್ದರು. ನನ್ನ ಕಾಲಿನಲ್ಲಿ ಏನಿದೆ ಎಂದು ಒಮ್ಮೆ ಪುಸ್ತಕವನ್ನೇ ಕೇಳಿಬಿಡೋಣ ಎನ್ನಿಸಿತ್ತು.

ಅಪ್ಪ ಕೊಟ್ರಪ್ಪ ಒಂದು ಷರತ್ತು ಹಾಕಿದ. “ಒಂದ ವರ್ಷದ ಮಾತು. ಪಾಸಾದಿ, ನೌಕರಿಗೆ ಅರ್ಜಿ ಹಾಕು, ನಾ ಅಡ್ಡ ಬರಂಗಿಲ್ಲ. ಫೇಲಾದಿ, ನಾ ತೋರಿಸಿದ ವರನ ಮುಂದ ಬಾಯಿ ಮುಚ್ಕೊಂಡು ಕುಂದ್ರು.” ನಾನು ಒಪ್ಪಿದೆ.

ಕಾಲೇಜು ಒಂದು ಬೀಜ-ಗೊಬ್ಬರದ ಅಂಗಡಿಯ ಮೇಲಿತ್ತು. ಉಸಿರಾಟದ ವ್ಯಾಯಾಮ ಮಾಡುವಾಗ ಮೂಗಿಗೆ ಯೂರಿಯಾ ಬರುತ್ತಿತ್ತು. ಮೈದಾನವೆಂದರೆ ಹಿಂದಿನ ಖಾಲಿ ಸೈಟು, ಅದೂ ಹತ್ತಿಯ ಸುಗ್ಗಿಯಲ್ಲಿ ಲಾರಿಗಳಿಗೆ ಬಾಡಿಗೆಗೆ ಹೋಗುತ್ತಿತ್ತು. ಪ್ರಯೋಗಾಲಯದಲ್ಲಿ ಒಂದು ಅಸ್ಥಿಪಂಜರ ಇತ್ತು, ಅಂದರೆ ಅರ್ಧ ಇತ್ತು. ನಮ್ಮ ಆಡಳಿತ ಮಂಡಳಿಯವರು ಬ್ಯಾಡಗಿಯಲ್ಲಿ ಒಂದು ನರ್ಸಿಂಗ್ ಶಾಲೆಯನ್ನೂ ನಡೆಸುತ್ತಿದ್ದರು. ಎರಡಕ್ಕೂ ಸೇರಿಸಿ ಒಂದೇ ಅಸ್ಥಿಪಂಜರ ಕೊಂಡು, ಸೊಂಟದ ಮೇಲಿನದನ್ನು ಅಲ್ಲಿಗೆ, ಕೆಳಗಿನದನ್ನು ನಮಗೆ ಹಂಚಿದ್ದರು. ಓಡುವವರಿಗೆ ತಲೆ ಯಾತಕ್ಕೆ ಎಂಬ ಧೋರಣೆ ಇರಬೇಕು. ವಿಶ್ವವಿದ್ಯಾಲಯದ ತಪಾಸಣೆ ಇದ್ದಾಗ, ಪರೀಕ್ಷೆ ಇದ್ದಾಗ ಮಾತ್ರ ಎರಡೂ ಭಾಗ ಒಂದು ಕಡೆ ಸೇರಿ ಆ ಪುಣ್ಯಾತ್ಮ ಪೂರ್ತಿ ಮನುಷ್ಯನಾಗುತ್ತಿದ್ದ.

ಪಾಠ ಮಾಡುತ್ತಿದ್ದವರು ವಿಜಯಮಹಾಂತೇಶ ಸರ್. ಐವತ್ತರ ಸಮೀಪದ, ಇಸ್ತ್ರಿ ಅಂಗಿಯ, ಬ್ಯಾಡಗಿಯ ಒಳ್ಳೆಯ ಮನೆತನದ ಮನುಷ್ಯ. ತಾವು ಓದುವಾಗ ಬರೆದುಕೊಂಡಿದ್ದ ನೋಟ್ಸಿಗೆ ಪ್ಲಾಸ್ಟಿಕ್ ಹೊದಿಸಿ ಇಟ್ಟುಕೊಂಡಿದ್ದರು. ಖುರ್ಚಿಯಲ್ಲಿ ಕೂತು ಅದನ್ನು ತೆರೆದು, “ಬರಕೊಳ್ರಿ. ಕಿನೀಸಿಯಾಲಜಿ ಅಂದರೆ ಮಾನವ ದೇಹದ ಚಲನೆಯ ಶಾಸ್ತ್ರ,” ಎಂದು ಶುರು ಮಾಡಿದರೆ ಗಂಟೆ ಬಾರಿಸುವ ತನಕ ಅವರ ತುಟಿಯೊಂದೇ ಚಲಿಸುತ್ತಿತ್ತು. ಇಡೀ ವರ್ಷ ಚಲನೆಯ ಶಾಸ್ತ್ರವನ್ನು ಅವರು ಖುರ್ಚಿ ಬಿಟ್ಟು ಏಳದೆ ಮುಗಿಸಿದರು. ಬೆನ್ನೆಲುಬಿನ ಪಾಠ ಬಂದಾಗ ಮಾತ್ರ ಎದ್ದು, ನಮ್ಮ ಅರ್ಧ ಅಸ್ಥಿಪಂಜರದ ಮೇಲಿನ ಬರೀ ಗಾಳಿಗೆ ಕೋಲು ತೋರಿಸಿ, “ಇಲ್ಲೈತಿ ಅಂತ ತಿಳಕೊಳ್ರಿ,” ಅಂದರು. ನಾವು ತಿಳಿದುಕೊಂಡೆವು.

ನಾನು ಮಾತ್ರ ಗ್ರಂಥಾಲಯದ ಕಪಾಟಿನಲ್ಲಿದ್ದ ಏಕೈಕ ಪುಸ್ತಕವನ್ನು ಪೂರ್ತಿ ಓದಿದೆ. ಅದರಲ್ಲಿ ಒಂದು ಕಡೆ ನನ್ನ ಕಣ್ಣು ನಿಂತಿತು. ಸಾಮಾನ್ಯವಾದ ಸೊಂಟದ ಉಳುಕು ಬಹಳಷ್ಟು ಜನರಲ್ಲಿ ಕೆಲವು ದಿನಗಳಲ್ಲೋ ವಾರಗಳಲ್ಲೋ ತಾನಾಗಿಯೇ ಕಡಿಮೆಯಾಗುತ್ತದೆ ಎಂದು ಬರೆದಿತ್ತು. ಆ ಸಾಲನ್ನು ನಾಲ್ಕು ಸಲ ಓದಿದೆ. ಇಷ್ಟು ವರ್ಷ ನಾನು ಗುಣಪಡಿಸಿದ ಬೆನ್ನುಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದು ನಿಂತವು. ಪಿಚ್ಚೆನ್ನಿಸಿತು.

ಮರುವಾರವೇ ಸರ್ ಕ್ರೀಡಾ ವೈದ್ಯಕೀಯದಲ್ಲಿ ಮೂಢನಂಬಿಕೆ ಎಂಬ ಪಾಠ ತೆಗೆದರು. ನನ್ನ ವಿಷಯ ಅವರ ಕಿವಿಗೆ ಬಿದ್ದಿತ್ತು. ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

“ಈ ಹುಡುಗಿ ಒದ್ದರ ಟೊಂಕ ನೆಟ್ಟಗಾಗ್ತೈತಂತ. ಇಪ್ಪತ್ತೊಂದನೇ ಶತಮಾನ ಇದು. ನಗಬೇಕೋ ಅಳಬೇಕೋ ನೀವ ಹೇಳ್ರಿ.” ತರಗತಿ ನಗುವುದನ್ನು ಆರಿಸಿಕೊಂಡಿತು.

ನನಗೂ ಬಾಯಿ ತಡೆಯಲಿಲ್ಲ. “ಸರ್, ಉಳುಕು ನಾಕು ದಿನದಾಗ ತಾನ ಕಡಿಮಿ ಆಗ್ತೈತಂತ ಪುಸ್ತಕದಾಗ ಐತ್ರಿ. ಹಂಗಾದ್ರ ಗುಣ ಆದದ್ದರಾಗ ನನ್ನ ಕಾಲಿಂದೆಷ್ಟು, ಮುಲಾಮಿಂದೆಷ್ಟು, ಸುಮ್ನ ಕುಂತದ್ದೆಷ್ಟು ಅಂತ ಹೆಂಗ ತಿಳ್ಕೊಳ್ಳೋದ್ರಿ?”

ಒಳ್ಳೆಯ ಪ್ರಶ್ನೆ ಎಂದು ಈಗಲೂ ನನ್ನ ಅಭಿಪ್ರಾಯ. ಆದರೆ ಅದು ಪ್ಲಾಸ್ಟಿಕ್ ಹೊದಿಕೆಯ ನೋಟ್ಸಿನಲ್ಲಿ ಇರಲಿಲ್ಲ. ಸರ್ ಮುಖ ಕೆಂಪಾಯಿತು. ಆಂತರಿಕ ಅಂಕಗಳ ಪಟ್ಟಿಯಲ್ಲಿ ಇಪ್ಪತ್ತೈದಕ್ಕೆ ನನಗೆ ಎಂಟು ಬಿತ್ತು. ಹತ್ತು ಬರದಿದ್ದರೆ ಮುಖ್ಯ ಪರೀಕ್ಷೆಯಲ್ಲಿ ಎಷ್ಟೇ ಬಂದರೂ ಫೇಲು ಎಂಬುದು ನಿಯಮ. ನನ್ನ ಬೆಂಚಿನ ಗೆಳತಿ ಮುಸರತ ಸಮಾಧಾನ ಹೇಳಿದಳು. “ಇನ್ನೂ ಪೆನ್ಸಿಲ್‌ನಾಗ ಬರದಾರ. ಪ್ರಾಕ್ಟಿಕಲ್ ದಿನ ಸಂಜಿಗೆ ಪೆನ್ನಿಲೆ ತಿದ್ದಿ ಕಳಸ್ತಾರ. ಅಷ್ಟರಾಗ ಕೈ ಕಾಲು ಹಿಡಿ.”

ನನಗೆ ಕಾಲು ಹಿಡಿಯುವ ರೂಢಿ ಇರಲಿಲ್ಲ.

ಪ್ರಾಯೋಗಿಕ ಪರೀಕ್ಷೆ ಏಪ್ರಿಲಿನಲ್ಲಿ ಬಂತು. ಹೊರಗಿನ ಪರೀಕ್ಷಕರು ಹಾವೇರಿಯಿಂದ ಹನ್ನೊಂದಕ್ಕೆ ಬರುವವರಿದ್ದರು. ಹತ್ತಕ್ಕೆ ಬ್ಯಾಡಗಿಯಿಂದ ಒಂದು ಟೆಂಪೋ ಬಂತು. ಅದರಲ್ಲಿ ಕಬ್ಬಿಣದ ಟ್ರಂಕು, ಟ್ರಂಕಿನಲ್ಲಿ ಅಸ್ಥಿಪಂಜರದ ಮೇಲ್ಭಾಗ. ನರ್ಸಿಂಗ್ ಶಾಲೆಯವರು ಜಾಗ ಉಳಿಯಿತೆಂದು ಅದರಲ್ಲೇ ನಮ್ಮ ಪ್ರಿನ್ಸಿಪಾಲರ ಮನೆಗೆ ಹತ್ತು ಕಿಲೋ ಒಣಮೆಣಸಿನಕಾಯಿಯನ್ನೂ ತುಂಬಿದ್ದರು. ಟ್ರಂಕನ್ನು ಹುಡುಗರು ಮೇಲೆ ತಂದು ಬಾಗಿಲಲ್ಲಿ ಇಟ್ಟು ಹೋದರು. ಅದನ್ನು ಒಳಗೆ ಮೇಜಿನ ಮೇಲಿಡಬೇಕಿತ್ತು. ಸರ್ ಗಡಿಯಾರ ನೋಡಿದರು, ಟ್ರಂಕಿನ ಹಿಡಿಕೆಗೆ ಕೈ ಹಾಕಿದರು.

“ಭಾರ ಎತ್ತುವಾಗ ಮೊಣಕಾಲು ಬಗ್ಗಿಸಬೇಕು, ಬೆನ್ನು ಬಗ್ಗಿಸಬಾರದು” ಎಂದು ಅವರು ನಮಗೆ ಬರೆಸಿದ್ದು ನವೆಂಬರ್ ತಿಂಗಳಲ್ಲಿ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಸರ್ ಮೊಣಕಾಲನ್ನು ಕಂಬದ ಹಾಗೆ ನಿಲ್ಲಿಸಿ ಬೆನ್ನನ್ನು ಪೂರ್ತಿ ಬಗ್ಗಿಸಿ ಒಮ್ಮೆಲೇ ಎತ್ತಿದರು. ಟ್ರಂಕು ಏಳಲಿಲ್ಲ. ಸರ್ ಕೂಡ ಏಳಲಿಲ್ಲ. ಬಗ್ಗಿದವರು ಬಗ್ಗಿದ ಹಾಗೆಯೇ ನಿಂತರು.

ನಾವು ನಾಲ್ಕು ಜನ ಸೇರಿ ಅವರನ್ನು ಹಾಗೇ ನಡೆಸಿಕೊಂಡು ಹೋಗಿ ಪ್ರಯೋಗಾಲಯದ ಮೇಜಿನ ಮೇಲೆ ಬೋರಲು ಮಲಗಿಸಿದೆವು. ಸರ್ ಬೆವರುತ್ತಿದ್ದರು. ಎಲ್ಲರನ್ನೂ ಹೊರಗೆ ಕಳಿಸಿ ನನ್ನನ್ನೊಬ್ಬಳನ್ನೇ ಉಳಿಸಿಕೊಂಡರು.

“ಸ್ನೇಹಾ, ಬಾಗಲಾ ಹಾಕವಾ.”

ಹಾಕಿದೆ. ನನಗೆ ಆಗ ನಿಜವಾಗಿ ಸಂತೋಷವೇ ಆಯಿತು. ವರ್ಷವಿಡೀ ಓದಿದ್ದನ್ನು ಮಾಡಿ ತೋರಿಸಲಿಕ್ಕೆ ಮೊದಲನೇ ಸಲ ಒಂದು ಖರೇ ಟೊಂಕ ಸಿಕ್ಕಿತ್ತು. “ಸರ್, ಹೊರಳಿ ಅಂಗಾತ ಆಗ್ರಿ. ಕಾಲಿನ ಮೀನಗಂಡ ಈ ಖುರ್ಚಿ ಮ್ಯಾಲೆ ಇಡೋಣು. ತಳಗ ಐಸ್‌ಕ್ಯಾಂಡಿ ಅಂಗಡ್ಯಾಗ ಬರ್ಫ ಸಿಗ್ತೈತಿ, ಅರಿವ್ಯಾಗ ಸುತ್ತಿ ಹದಿನೈದು ನಿಮಿಷ…”

“ಅದೆಲ್ಲಾ ಪರೀಕ್ಷಾಕ್ಕ,” ಅಂದರು ಸರ್. “ಈಗ ಒದಿ.”

“ಸರ್?”

“ಇನ್ನ ಮುಕ್ಕಾಲ ತಾಸಿನಾಗ ಪರೀಕ್ಷಕರು ಬರ್ತಾರ. ಒದಿಯವಾ, ನಿನ್ನ ಪುಣ್ಯಾ.”

“ಗುರುಗಳಿಗೆ ಕಾಲ ತಾಗಿಸಿದ್ರ ಪಾಪ ಬರ್ತೈತ್ರಿ.”

“ಪಾಪ ನನ್ನ ಮ್ಯಾಲಿರ್ಲಿ.”

ನನಗೆ ತರಗತಿಯ ಆ ನಗು ನೆನಪಾಯಿತು. “ಒದೀತೇನ್ರಿ ಸರ್. ಆದ್ರ ಇದು ಎಂಟ ಅಂಕದ ಕಾಲು. ಎಷ್ಟರ ಮಟ್ಟಿಗೆ ಗುಣ ಮಾಡ್ತೈತೋ ನಾ ಹೇಳಾಕ ಬರಂಗಿಲ್ಲ.”

ಸರ್ ಮೇಜಿನ ಮೇಲೆ ಬೋರಲಾಗಿದ್ದಲ್ಲಿಂದಲೇ ಕೈ ಚಾಚಿ, “ಆ ರಜಿಸ್ಟರ ಕೊಡು,” ಅಂದರು. ಹಲ್ಲು ಕಚ್ಚಿಕೊಂಡು ರಬ್ಬರಿನಿಂದ ಎಂಟನ್ನು ಅಳಿಸಿ ಇಪ್ಪತ್ತಮೂರು ಎಂದು ಬರೆದರು. ಪೆನ್ನಿನಲ್ಲೇ ಬರೆದರು.

ಎಡಗಾಲಿನ ಚಪ್ಪಲಿ ಬಿಟ್ಟು ಮೂರು ಸಲ ಒದ್ದೆ. ಮೊದಲನೆಯದು ಪದ್ಧತಿಗೆ, ಎರಡನೆಯದು ನನ್ನ ಅಂಕಕ್ಕೆ. ಮೂರನೆಯದು ಸ್ವಲ್ಪ ಜೋರಾಗಿಯೇ ಬಿತ್ತು, ಅದು ಇಪ್ಪತ್ತೊಂದನೇ ಶತಮಾನಕ್ಕೆ. ತಿರುಗಿ ನೋಡದೆ ಹೊರಗೆ ಬಂದೆ.

ಹನ್ನೊಂದೂಕಾಲಿಗೆ ಪರೀಕ್ಷಕರು ಬಂದಾಗ ವಿಜಯಮಹಾಂತೇಶ ಸರ್ ನೆಟ್ಟಗೆ ನಿಂತು ನಮಸ್ಕಾರ ಮಾಡಿದರು. ಪಕ್ಕದಲ್ಲಿ ಅಸ್ಥಿಪಂಜರವೂ ಪೂರ್ತಿಯಾಗಿ ನಿಂತಿತ್ತು, ಅದರ ಪಕ್ಕೆಲುಬಿನ ಸಂದಿಯಲ್ಲಿ ಒಂದು ಮೆಣಸಿನಕಾಯಿ ಉಳಿದಿತ್ತು. ಪರೀಕ್ಷಕರು ಎರಡು ಸಲ ಸೀನಿ ನನ್ನನ್ನು ಕೇಳಿದರು, “ಸೊಂಟ ಉಳುಕಿದವರಿಗೆ ಪ್ರಥಮ ಚಿಕಿತ್ಸೆ ಏನು?” ಅಂಗಾತ ಮಲಗಿಸುವುದರಿಂದ ಹಿಡಿದು ಮಗ್ಗುಲಾಗಿ ಮೊಣಕೈ ಊರಿ ಏಳಿಸುವ ತನಕ ಎಲ್ಲ ಹೇಳಿದೆ. “ಪರಿಣಾಮಕಾರಿಯೇ?” ಅಂದರು. ನಾನು ಸರ್ ಮುಖ ನೋಡಿದೆ. ಸರ್ ಕಿಟಕಿ ಕಡೆ ನೋಡುತ್ತ, “ಭಾಳ ಪರಿಣಾಮಕಾರಿರಿ,” ಅಂದರು.

ಜೂನಿನಲ್ಲಿ ಫಲಿತಾಂಶ ಬಂತು. ಮೊದಲ ದರ್ಜೆಯಲ್ಲಿ ಪಾಸಾಗಿದ್ದೆ. ಪಿ.ಇ. ಟೀಚರ್ ಹುದ್ದೆಗಳಿಗೆ ಅರ್ಜಿ ಕರೆದಿದ್ದರು, ಅದನ್ನೂ ತುಂಬಿ ಹಾವೇರಿಗೆ ಹೋಗಿ ಕೊಟ್ಟು ಬಂದೆ. ಒದ್ದು ಪಡೆದ ಅಂಕವಲ್ಲವೇ ಎಂದು ಒಳಗೊಳಗೆ ಚುಚ್ಚುತ್ತಿತ್ತು. ಆದರೂ ಮುಖ್ಯ ಪರೀಕ್ಷೆಯಲ್ಲಿ ಬಂದ ಅಂಕಗಳು ನನ್ನವೇ ಎಂದು ಸಮಾಧಾನ ಮಾಡಿಕೊಂಡೆ.

ಆ ಒದೆ ಬ್ಯಾಡಗಿಯ ತನಕ ಮುಟ್ಟುತ್ತದೆ ಎಂದು ಮಾತ್ರ ತಿಳಿದಿರಲಿಲ್ಲ. ಸರ್ ಅವರ ಅಕ್ಕನನ್ನು ಬ್ಯಾಡಗಿಯ ದೊಡ್ಡ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮನೆಗೆ ಕೊಟ್ಟಿತ್ತು. ಊರೆಲ್ಲ ಆಕೆಯನ್ನು ಸಾವ್ಕಾರ್ತಿ ಎನ್ನುತ್ತಿತ್ತು. ಆ ಸಾವ್ಕಾರ್ತಿಗೆ ಹತ್ತು ವರ್ಷದಿಂದ ಟೊಂಕದ ನೋವು. ಹುಬ್ಬಳ್ಳಿ ಡಾಕ್ಟರು, ದಾವಣಗೆರೆ ಡಾಕ್ಟರು ಎಲ್ಲ ಆಗಿತ್ತು. ತಮ್ಮನಿಗೆ ಗುಣವಾದ ಕಥೆ ಕೇಳಿದ್ದೇ ತಡ, ಮಗ ಮಧುವಿಗೆ ನನ್ನನ್ನು ತಂದುಕೊಂಡರೆ ಔಷಧಿ ಮನೆಯಲ್ಲೇ ಇರುತ್ತದೆ ಎಂದು ಲೆಕ್ಕ ಹಾಕಿದಳು.

ಜುಲೈನ ಒಂದು ಭಾನುವಾರ ಮುಂಜಾನೆ ನಮ್ಮ ಮನೆಯ ಮುಂದೆ ಸುಮೋ ನಿಂತಿತು. ಸಾವ್ಕಾರ್ತಿ, ಮಗ, ಮತ್ತು ನಡುವೆ ಮಧ್ಯಸ್ಥಿಕೆಗೆ ವಿಜಯಮಹಾಂತೇಶ ಸರ್. ಅಪ್ಪ ಹೊಸ ಜಮಖಾನೆ ಹಾಸಿದ. ಅವ್ವ ಫಕ್ಕೀರವ್ವ ಉಪ್ಪಿಟ್ಟು ಮಾಡಿ ಬಾಗಿಲ ಸಂದಿಯಲ್ಲಿ ನಿಂತಳು. ನಾನು ಸೀರೆ ಉಟ್ಟು ಚಹಾದ ತಾಟು ಹಿಡಿದು ಬಂದೆ. ಹುಡುಗಿ ನೋಡಲಿಕ್ಕೆ ಬಂದವರು ಮುಖ ನೋಡುತ್ತಾರೆ, ಜಡೆ ನೋಡುತ್ತಾರೆ, ಒಂದು ಪದ ಹೇಳು ಎನ್ನುತ್ತಾರೆ. ಸಾವ್ಕಾರ್ತಿ ನೇರವಾಗಿ ನನ್ನ ಕಾಲು ನೋಡಿದಳು.

“ಎಡಗಾಲು ಇದೇ ಅಲ್ಲ?”

“ಹೌದ್ರಿ.”

“ನಾ ಏನೂ ತಿಂದಿಲ್ಲವಾ, ಬರಿಹೊಟ್ಟೀಲೇ ಬಂದೇನಿ.” ಅಷ್ಟು ಹೇಳಿ ರೇಷ್ಮೆ ಸೀರೆಯ ಸೆರಗು ಸರಿ ಮಾಡಿಕೊಂಡು ಜಮಖಾನೆಯ ಮೇಲೆ ಬೋರಲು ಮಲಗಿಯೇಬಿಟ್ಟಳು.

ನಾನು ತಾಟು ಕೆಳಗಿಟ್ಟು, “ಒಂದೀಟು ಎದ್ದು ನಿಲ್ರಿ ಅತ್ತೀ. ಎಲ್ಲಿ ನೋವು, ಬಗ್ಗಿದಾಗೋ ಕುಂತಾಗೋ ಅಂತ ನೋಡತೇನಿ. ದಿನಾ ಎಷ್ಟ ಅಡ್ಡಾಡ್ತೀರಿ?” ಅಂದೆ.

“ಅಡ್ಡಾಡಾಕ ನಮಗೇನ ಬಡತನ ಬಂದೈತಿ?” ಜಮಖಾನೆಯಿಂದ ಉತ್ತರ ಬಂತು. “ಒದಿಯವಾ ಸುಮ್ನ.”

ಅಪ್ಪ ಕಣ್ಣಿನಲ್ಲೇ ‘ಒದಿ’ ಅಂದ. ಒದ್ದೆ. ಸಾವ್ಕಾರ್ತಿ ಎದ್ದಳು, ಒಂದು ಸಲ ಬಲಕ್ಕೆ ತಿರುಗಿದಳು, ಒಂದು ಸಲ ಎಡಕ್ಕೆ. “ಹತ್ತ ವರ್ಷದ ನೋವ್ರಿ. ಹತ್ತೀ ಕಿತ್ತಂಗ ಹೋತು,” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಮಧು ತಾಯಿ ತೋರಿಸಿದ ಕಡೆ ಕೂತಿದ್ದ, ತಾಯಿ ನಕ್ಕಾಗ ನಕ್ಕ. ಒಳ್ಳೆಯವನೇ ಇರಬೇಕು.

ಮಾತು ಮುಂದೆ ನಡೆಯಿತು. ವರದಕ್ಷಿಣೆ ಬೇಡ, ಮದುವೆ ಅವರದೇ, ಬಂಗಾರ ಅವರದೇ. ಅಪ್ಪನ ಮುಖ ಹಬ್ಬದ ದಿನದ ಹಾಗೆ ಆಯಿತು. “ಆದ್ರ ನೌಕರಿ ಗೀಕರಿ ಬ್ಯಾಡ್ರಿ,” ಅಂದಳು ಸಾವ್ಕಾರ್ತಿ. “ಮೈದಾನದಾಗ ಕಾಲು ಸವಿಸೋದ ಬ್ಯಾಡ, ಕಂಡ ಕಂಡೋರಿಗೆ ಒದಿಯೋದೂ ಬ್ಯಾಡ, ಗುಣ ಖರ್ಚಾಗ್ತೈತಿ. ನಮ್ಮನಿ ಸೇರಿದ ಮ್ಯಾಲೆ ಆ ಕಾಲು ನಮ್ಮ ಹೊಸ್ತಿಲ ದಾಟಂಗಿಲ್ಲ. ರಾಣಿ ಇಟ್ಟಂಗ ಇಡತೇವಿ.”

“ಅಪ್ಪಾ,” ಅಂದೆ, “ಪಾಸಾದ್ರ ನೌಕರಿ ಅಂದಿದ್ದಿ.”

ಅಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ. “ಇಂಥಾ ಮನಿ ತಾನಾಗಿ ಬಾಗಲಿಗೆ ಬರ್ತೈತೇನು. ಮಾತಿಗೆ ಅಂದಿದ್ದೆವಾ.”

ನನಗೆ ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. ವಿಜಯಮಹಾಂತೇಶ ಸರ್ ಕಡೆ ನೋಡಿದೆ. ಶಾಸ್ತ್ರ ಓದಿದವರು, ಒಂದು ಮಾತು ಆಡುತ್ತಾರೇನೋ ಎಂದುಕೊಂಡೆ. ಅವರು ಉಪ್ಪಿಟ್ಟಿನಲ್ಲಿದ್ದ ಮೆಣಸಿನಕಾಯಿಯನ್ನು ಹುಷಾರಾಗಿ ಪಕ್ಕಕ್ಕೆ ಸರಿಸುತ್ತಿದ್ದರು.

ಆಗ ಒಳಗಿನಿಂದ ಗೋಡೆ ಹಿಡಿದು ಹೊನ್ನವ್ವಜ್ಜಿ ಬಂದಳು. ಬಂದವಳು ಕೂರಲಿಲ್ಲ.

“ಯವ್ವಾ, ಆ ಕೂಸು ತಲಿ ಮುಂದಾಗೇ ಹುಟ್ಟೇತಿ,” ಅಂದಳು.

ಯಾರಿಗೂ ಅರ್ಥವಾಗಲಿಲ್ಲ. ಅಪ್ಪ, “ಏನಂದಿಬೇ?” ಅಂದ.

“ಎಲ್ಲಾರಂಗ ತಲಿ ಮುಂದಾಗೇ ಬಂತು. ಕಾಲು ಮುಂದ ಬಂತು ಅಂತ ಸುಳ್ಳ ಹೇಳಿದಾಕಿ ನಾನು. ಸೂಲಗಿತ್ತಿ ಜೈತೂನಬಿ ಇನ್ನೂ ಜೀವಂತ ಅದಾಳ, ಓಣಿ ತುದಿಗೆ ಮನಿ ಐತಿ, ಕೇಳಿ ಬರ್ರಿ.” ಅಜ್ಜಿ ಅಪ್ಪನ ಕಡೆ ತಿರುಗಿದಳು. “ಮೂರನೇದೂ ಹೆಣ್ಣಂತ ತಿಳದ ಕೂಡಲೇ ನೀ ಹೊಲಕ್ಕ ಹ್ವಾದಿ ಕೊಟ್ರಪ್ಪ. ಮೂರ ದಿನ ಕೂಸಿನ ಮಾರಿ ನೋಡಾಕ ಬರ್ಲಿಲ್ಲ. ಓಣ್ಯಾನ ಒಬ್ಬಾಕಿನೂ ಸಕ್ಕರಿ ಕೇಳಾಕ ಬರ್ಲಿಲ್ಲ. ಬಾಣಂತಿ ಗ್ವಾಡಿ ಕಡೆ ಮಾರಿ ಮಾಡಿ ಮಲಗಿತ್ತು. ನಾಕನೇ ದಿನ ನಾನೂ ಜೈತೂನಬಿನೂ ಕೂಡಿ ಈ ಮಾತು ಹುಟ್ಟಿಸಿದಿವಿ. ಸಂಜಿ ಆಗೋದರಾಗ ಊರಿಗೂರ ಕೂಸಿನ ನೋಡಾಕ ಬಂತು. ನೀನೂ ಬಂದಿ.”

ನಾನು ಅವ್ವನ ಕಡೆ ನೋಡಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅವಳಿಗೆ ಗೊತ್ತಿತ್ತು. ಮೂರು ಹೆಂಗಸರು ಇಪ್ಪತ್ತೆರಡು ವರ್ಷ ಒಂದು ಸುಳ್ಳನ್ನು ಕೂಸಿನ ಹಾಗೆ ಎಣ್ಣೆ ತಿಕ್ಕಿ ಸಾಕಿದ್ದರು.

“ಮಂದಿ ಆಕೀನ ಎತ್ತಿ ಆಡಿಸ್ಲಿ ಅಂತ ಹೇಳಿದ ಸುಳ್ಳವಾ ಅದು,” ಅಜ್ಜಿ ಸಾವ್ಕಾರ್ತಿಗೆ ಹೇಳಿದಳು. “ಹೊಸ್ತಿಲ ಒಳಗ ಕಟ್ಟಿ ಹಾಕ್ಲಿ ಅಂತ ಹೇಳಿದ್ದಲ್ಲ.”

ಸಾವ್ಕಾರ್ತಿಯ ಕೈ ನಿಧಾನವಾಗಿ ಟೊಂಕಕ್ಕೆ ಹೋಯಿತು. “ಯಪ್ಪಾ,” ಎಂದು ನರಳಿದಳು. ಹೋದ ನೋವು ಸುಮೋದಲ್ಲೇ ಕಾಯುತ್ತಿತ್ತೋ ಏನೋ, ಹಾಗೇ ಬಂದು ಸೇರಿಕೊಂಡಿತು. ಅದಕ್ಕಿಂತ ದೊಡ್ಡ ಅದ್ಭುತ ಪಕ್ಕದಲ್ಲಿ ನಡೆಯಿತು. ಮೂರು ತಿಂಗಳಿಂದ ನೆಟ್ಟಗೆ ಓಡಾಡಿಕೊಂಡಿದ್ದ ವಿಜಯಮಹಾಂತೇಶ ಸರ್ ಏಳಲಿಕ್ಕೆ ಹೋದವರು ಅರ್ಧಕ್ಕೇ ನಿಂತು, ಪರೀಕ್ಷೆಯ ದಿನದ ಅದೇ ಭಂಗಿಯಲ್ಲಿ ಬಗ್ಗಿಕೊಂಡು ಸುಮೋ ತನಕ ಹೋದರು. ಮಧು ಒಬ್ಬನೇ ಸೊಂಟ ಸರಿಯಿದ್ದವನು, ಇಬ್ಬರನ್ನೂ ಹತ್ತಿಸಿದ. ಹೋಗುವಾಗ ನನ್ನ ಕಡೆ ನೋಡಿ, “ಅಡ್ಡಾಡ ಅಂತ ಡಾಕ್ಟರೂ ಹೇಳ್ಯಾರ್ರಿ, ಕೇಳಂಗಿಲ್ಲ,” ಅಂದ.

ಅಪ್ಪ ಒಂದು ವಾರ ಅಜ್ಜಿಯ ಜತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ಊಟಕ್ಕೆ ಕೂತಾಗ, “ಮೂರ ದಿನ ಅಲ್ಲ, ಎರಡ ದಿನ,” ಅಂದ. ಅಜ್ಜಿ, “ಮೂರು,” ಅಂದಳು. ಅಷ್ಟಕ್ಕೆ ಆ ಮಾತು ಮುಗಿಯಿತು. ನೌಕರಿಗೆ ಅವನು ಮತ್ತೆ ಅಡ್ಡ ಬರಲಿಲ್ಲ. ಊರು ಮಾತ್ರ ಸುದ್ದಿ ಕೇಳಿ ಹದಿನೈದು ದಿನ ನಮ್ಮ ಕಟ್ಟೆಯ ಕಡೆ ಬರಲಿಲ್ಲ. ಹದಿನಾರನೆಯ ದಿನ ಪೋಸ್ಟ್ ಮಾಸ್ತರರು ಬಂದು, “ಸುಳ್ಳಾದ್ರ ಸುಳ್ಳಾಗ್ಲಿ, ನಮಗ ಗುಣ ಆಗೇತಿ,” ಎಂದು ಬೋರಲಾದರು. ನಾನು ಒದೆಯಲಿಲ್ಲ. ಅಂಗಾತ ಮಲಗ್ರಿ, ತೋರಿಸ್ತೇನಿ ಅಂದೆ. ಅವರು ಸಿಟ್ಟಾಗಿ ಬದನೆಕಾಯಿ ವಾಪಸ್ ತೆಗೆದುಕೊಂಡು ಹೋದರು.

ಮುಂದಿನ ಜನವರಿಯಲ್ಲಿ ಹಾವೇರಿಯಲ್ಲಿ ಕೌನ್ಸೆಲಿಂಗ್ ಆಗಿ ನನಗೆ ಗಳಗನಾಥದ ಸರಕಾರಿ ಶಾಲೆ ಸಿಕ್ಕಿತು. ಹಾಜರಾಗುವ ದಿನ ಆರೂವರೆಯ ಬಸ್ಸಿಗೆ ರಾಣೆಬೆನ್ನೂರು, ಅಲ್ಲಿಂದ ಗುತ್ತಲದ ಬಸ್ಸು. ಹೊಸ ಬೂಟು ಹಾಕಿಕೊಳ್ಳಲಿಕ್ಕೆ ಕಟ್ಟೆಗೆ ಬಂದರೆ ಅಜ್ಜಿ ಅಲ್ಲಿ ಬೋರಲು ಮಲಗಿದ್ದಳು. ಬಿದ್ದಳೋ ಎಂದು ಓಡಿ ಹೋದೆ.

“ಟೊಂಕ ಹಿಡದೈತಿ,” ಅಂದಳು. “ಒಂದಿಷ್ಟು ಒದ್ದು ಹೋಗು.”

“ಸುಳ್ಳು ಹುಟ್ಟಿಸಿದಾಕಿ ನೀನ. ನೀನೂ ಒದಿ ಅಂತಿಯಲ್ಲಬೇ.”

“ಹೂಂ. ಊರ ಮಂದಿಗೆಲ್ಲಾ ನಿನ್ನ ಕಾಲು ತಾಗೇತಿ. ಎಲ್ಲಾರೂ ಹಗುರಾತು ಹಗುರಾತು ಅಂತ ಎದ್ದು ಹೋಗ್ಯಾರ. ನನಗೊಬ್ಬಾಕಿಗೆ ಅದು ಹತ್ತಂಗಿದ್ದಿಲ್ಲ. ಖರೇ ಗೊತ್ತಿದ್ದಾಕಿ ನಾನ ಅಲ್ಲ.” ಟೊಂಕದ ಮೇಲೆ ಕೈಯಿಟ್ಟು ಹೇಳಿದಳು, “ಇಪ್ಪತ್ತು ವರ್ಷ ಆತು ಈ ನೋವು ಹಿಡದು.”

ಪಕ್ಕದ ಮನೆಯವರಿಗೆಲ್ಲ ಔಷಧಿ ಹಂಚಿದ ಮುದುಕಿ, ಅದು ಔಷಧಿಯಲ್ಲ ಎಂದು ತಿಳಿದ ತಪ್ಪಿಗೆ ತಾನೊಬ್ಬಳೇ ನೋವು ತಿಂದಿದ್ದಳು. ನಾನೋ, ಒಂದು ವರ್ಷ ಸೊಂಟದ ಬಗ್ಗೆಯೇ ಓದಿ ಮೊದಲ ದರ್ಜೆ ಪಡೆದವಳು, ಗೋಡೆ ಹಿಡಿದು ಏಳುವ ಈ ಸೊಂಟವನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

ಬೂಟು ಬಿಚ್ಚಿಟ್ಟೆ. ಅಜ್ಜಿಯನ್ನು ಮೆಲ್ಲಗೆ ಹೊರಳಿಸಿ ಅಂಗಾತ ಮಾಡಿ, ಮೀನಗಂಡವನ್ನು ಜೋಳದ ಚೀಲದ ಮೇಲೆ ಎತ್ತಿಟ್ಟೆ. ಹಳೆಯ ನೋವಿಗೆ ಬಿಸಿ ಒಳ್ಳೆಯದು ಎಂದು ಬಿಸಿನೀರಿನಲ್ಲಿ ಅರಿವೆ ಹಿಂಡಿ ಸೊಂಟದ ಕೆಳಗೆ ಹಾಕಿದೆ. ಆಮೇಲೆ ಮಗ್ಗುಲಿಗೆ ಹೊರಳಿಸಿ ಎರಡೂ ಕೈಯಿಂದ ಬೆನ್ನಿನ ಬದಿಯ ಸ್ನಾಯುಗಳನ್ನು ತಿಕ್ಕಿದೆ. ಏಳುವಾಗ ಮೊದಲು ಮಗ್ಗುಲಾಗಬೇಕು, ಮೊಣಕೈ ಊರಬೇಕು, ಆಮೇಲೆ ಕಾಲು ಇಳಿಬಿಡಬೇಕು ಎಂದು ಎರಡು ಸಲ ಹೇಳಿಕೊಟ್ಟೆ. ಆರೂವರೆಯ ಬಸ್ಸು ಹಾರ್ನ್ ಹೊಡೆದು ಹೋಯಿತು.

“ಹಗುರಾತು,” ಅಂದಳು ಅಜ್ಜಿ. “ಇದನ್ನ ಇಷ್ಟ ದಿನ ಯಾಕ ಮಾಡಿರಲಿಲ್ಲ?”

“ಯಾರೂ ಕೇಳಿರಲಿಲ್ಲಬೇ.”

“ಆತು ಬಿಡು. ಈಗ ಒಂದ್ಸಲ ಒದ್ದು ಹೋಗು, ಬಸ್ಸು ಬರ್ತೈತಿ ಇನ್ನೊಂದು.”

ಮಗ್ಗುಲಾಗಿಸಿ, ಹೊಸ ನೌಕರಿಯ ಎಡಗಾಲನ್ನು ಆ ಸೊಂಟಕ್ಕೆ ಮೂರು ಸಲ ಮೆಲ್ಲಗೆ ತಾಗಿಸಿದೆ. ಬೂಟು ಹಾಕಿಕೊಂಡು ನಡೆದೆ. ತಿರುಗಿ ನೋಡಿದರೆ ಗುಣ ಹೋಗುತ್ತದೆ ಎಂಬುದು ಪದ್ಧತಿ. ಇಲ್ಲದ ಗುಣ ಹೋಗುವುದಾದರೂ ಎಲ್ಲಿಗೆ ಎಂದು ಓಣಿಯ ತಿರುವಿನಲ್ಲಿ ತಿರುಗಿ ನೋಡಿದೆ. ಅಜ್ಜಿ ಗೋಡೆ ಹಿಡಿದಿರಲಿಲ್ಲ. ಮೊಣಕೈ ಊರಿ, ಕಾಲು ಇಳಿಬಿಟ್ಟು, ನಾನು ಹೇಳಿಕೊಟ್ಟ ಹಾಗೆಯೇ ಎದ್ದು ಕೂತಿದ್ದಳು.